ಗುಂಟೆಗೆ ಎರಡು ನಿಮಿಷ: ನಮ್ಮ ತೂಬಿನ ನೀರು ಹಂಚಿಕೊಂಡ ಬಗೆ

ನಮ್ಮ ತೂಬಿನ, ಅಂದರೆ ಉಪನಾಲೆಯಿಂದ ಹೊಲಗಳಿಗೆ ನೀರು ಬಿಡುವ ಕಂಡಿಯ, ಕೆಳಗೆ 70 ಎಕರೆ ಇದೆ. ಇಪ್ಪತ್ತಾರು ಮನೆ, ಒಂದು ಹೊಲಗಾಲುವೆ. ಬರುವ ನೀರು ಒಂದು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ), ಅದೂ ಮೇಲೆ ಎಲ್ಲ ಸರಿ ಇದ್ದಾಗ. ಇಷ್ಟು ನೀರನ್ನು ಹಂಚಿಕೊಳ್ಳಲು ನಾವು ಪಾಳಿ ಮಾಡಿಕೊಂಡ ಕಥೆ ಇದು. ಈಗ ಅಕ್ಕಪಕ್ಕದ ತೂಬಿನವರು ಬಂದು "ನಿಮ್ಮ ಲೆಕ್ಕದ ಹಾಳೆ ಕೊಡಿ" ಅನ್ನುತ್ತಾರೆ. ಹಾಳೆ ಕೊಡುವುದು ಸುಲಭ. ಆದರೆ ಆ ಲೆಕ್ಕ ಹೇಗೆ ಹುಟ್ಟಿತು ಅಂತ ಗೊತ್ತಿಲ್ಲದಿದ್ದರೆ ಮೊದಲ ಜಗಳಕ್ಕೇ ಹಾಳೆ ಹರಿದುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಮ್ಮದು ಭದ್ರಾ ಬಲದಂಡೆ ಅಚ್ಚುಕಟ್ಟು, ದಾವಣಗೆರೆ ಕಡೆಯ ತುದಿ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ತುಂಬಿದರೆ 71.5 ಟಿಎಂಸಿ. ಅದನ್ನು ನಂಬಿಕೊಂಡಿರುವ ಜಮೀನು ಸುಮಾರು ಒಂದು ಲಕ್ಷ ಹೆಕ್ಟೇರ್. ಅಲ್ಲಿಂದ ಹೊರಟ ನೀರು ಮುಖ್ಯನಾಲೆ, ಶಾಖಾ ನಾಲೆ, ವಿತರಣಾ ನಾಲೆ, ಉಪನಾಲೆ ಎಲ್ಲ ದಾಟಿ ನಮ್ಮ ತೂಬಿಗೆ ಬರಬೇಕು. ಉಪನಾಲೆಯವರೆಗೆ ಗೇಟು ನೋಡಿಕೊಳ್ಳಲು ಸೌಡಿಗಳಿದ್ದಾರೆ. ತೂಬಿನಿಂದ ಕೆಳಗೆ ಯಾರೂ ಇಲ್ಲ. ಅಲ್ಲಿ ನಾವೇ ಇಲಾಖೆ, ನಾವೇ ಪೊಲೀಸ್.

ಮೊದಲು ಪಾಳಿ ಇರಲಿಲ್ಲವೇ ಅಂದರೆ, ಇತ್ತು. ಮೇಲಿನವರ ಗದ್ದೆ ತುಂಬಿದ ಮೇಲೆ ನಡುವಿನವರು, ನಡುವಿನವರದು ಆದ ಮೇಲೆ ಕೆಳಗಿನವರು. ನಾಲೆಯಲ್ಲಿ ನೂರಿಪ್ಪತ್ತು ದಿನ ಸತತವಾಗಿ ನೀರು ಹರಿಯುವಾಗ ಇದು ಹೇಗೋ ನಡೆಯಿತು. ಕೆಳಗಿನವರ ನಾಟಿ ಹದಿನೈದು ದಿನ ತಡವಾಗುತ್ತಿತ್ತು, ಬೈದುಕೊಂಡೇ ಬೆಳೆ ತೆಗೆಯುತ್ತಿದ್ದರು. 2023ರಲ್ಲಿ ಮಳೆ ಕೈಕೊಟ್ಟಿತು. ಮಳೆಗಾಲದ ಬೆಳೆಗೆ ನೂರು ದಿನ ಸತತ ನೀರು ಅಂತ ಮೊದಲು ತೀರ್ಮಾನವಾಗಿತ್ತು. ಆಮೇಲೆ ಅದು ಆನ್-ಆಫ್ ಆಯಿತು, ಅಂದರೆ ಕೆಲವು ದಿನ ನೀರು, ಕೆಲವು ದಿನ ಬಂದ್. ದಾವಣಗೆರೆ ರೈತರು ರಸ್ತೆಗಿಳಿದಿದ್ದು ಎಲ್ಲರಿಗೂ ನೆನಪಿದೆ. ನಮ್ಮ ತೂಬಿನಲ್ಲಿ ಆಗಿದ್ದು ಇಷ್ಟು: ನೀರು ಬಂದ ದಿನಗಳಲ್ಲಿ ಮೇಲಿನವರ ಗದ್ದೆ ತುಂಬುವಷ್ಟರಲ್ಲೇ ಗೇಟು ಇಳಿಯಿತು. ಕೊನೆಯ 20 ಎಕರೆಯಲ್ಲಿ ಭತ್ತ ಹೊಡೆ ತುಂಬುವ ಹೊತ್ತಿಗೆ ನೆಲ ಬಿರುಕು ಬಿಟ್ಟಿತು. ಹೊಡೆಯಲ್ಲಿರುವ ಭತ್ತಕ್ಕೆ ನೀರು ತಪ್ಪಿದರೆ ತೆನೆ ಹೊರಗೆ ಬಂದರೂ ಜೊಳ್ಳು. ಕೆಲವರು ಕುಡುಗೋಲು ಹಾಕದೆ ದನ ಬಿಟ್ಟರು.

ಆ ಹಂಗಾಮು ಮುಗಿದ ಮೇಲೆ ದೇವಸ್ಥಾನದ ಕಟ್ಟೆಯ ಮೇಲೆ ಸಭೆ ಕೂತಿತು. ಹೆಚ್ಚು ಮಾತು ನಾಲೆಯ ಮೇಲ್ಭಾಗದ ಅಕ್ರಮ ಪಂಪ್‌ಸೆಟ್ಟುಗಳ ಬಗ್ಗೆಯೇ. ಅದು ಸುಳ್ಳಲ್ಲ. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನಾಲೆ ನೀರು ಕದಿಯುವವರಿಗೆ ಶಿಕ್ಷೆ ಬಿಗಿ ಮಾಡಿದ್ದೂ ಇದೇ ಕಾರಣಕ್ಕೆ. ಆದರೆ ಕೊನೆಯ ಹೊಲದ ಒಬ್ಬ ಅಜ್ಜ ಎದ್ದು ಒಂದು ಮಾತು ಹೇಳಿದರು. "ಮೇಲಿನ ಊರಿನವರನ್ನ ಆಮೇಲೆ ನೋಡೋಣ ತಮ್ಮಾ. ನಮ್ಮ ತೂಬಿಗೆ ಬಂದಿದ್ದು ನನ್ನ ಗದ್ದೆಗೆ ಯಾಕೆ ಬರಲಿಲ್ಲ ಅಂತ ಮೊದಲು ಹೇಳಿ." ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮೇಲಿನವರು ನಾವು ಹೆಚ್ಚು ತಗೊಂಡಿಲ್ಲ ಅಂದರು, ಕೆಳಗಿನವರು ತಗೊಂಡಿದ್ದೀರಿ ಅಂದರು. ಎಷ್ಟು ತಗೊಂಡರು ಅಂತ ಯಾರೂ ಅಳೆದಿರಲಿಲ್ಲ.

ಹಾಗಾಗಿ ಅಳೆಯುವುದರಿಂದಲೇ ಶುರು ಮಾಡಿದೆವು.

ಮೊದಲು ಜಮೀನು. ಪಹಣಿಯಲ್ಲಿ ಒಂದು ಇರುತ್ತದೆ, ನೆಲದ ಮೇಲೆ ಇನ್ನೊಂದು. ಅಣ್ಣತಮ್ಮಂದಿರು ಭಾಗ ಮಾಡಿಕೊಂಡಿದ್ದು ದಾಖಲೆಗೆ ಏರಿರುವುದಿಲ್ಲ. ನಾವು ಪಹಣಿ ಬಿಟ್ಟು, ನಿಜವಾಗಿ ಉಳುವವರು ಯಾರು, ಎಷ್ಟು ಗುಂಟೆ ಅಂತ ಬರೆದುಕೊಂಡೆವು. ಹೆಸರಿನ ಮುಂದೆ ಅಕ್ಕಪಕ್ಕದ ಹೊಲದವರ ಸಹಿ ಹಾಕಿಸಿದೆವು. ತೂಬಿಗೆ ಹತ್ತಿರದ ಮೇಲ್ಭಾಗ 30 ಎಕರೆ, ನಡುಭಾಗ 20, ಕೊನೆ ಭಾಗ 20.

ಆಮೇಲೆ ಕಾಲುವೆ. ಬೇಸಿಗೆ ನೀರು ಬಿಟ್ಟ ದಿನ ನಾವು ನಾಲ್ಕೈದು ಜನ ತೂಬಿನ ಹತ್ತಿರ ನಿಂತಿದ್ದೆವು. ನೀರಿನ ತಲೆ ಹೊರಟಿತು, ನಾವು ಅದರ ಜೊತೆಗೇ ನಡೆದೆವು. ಒಣಗಿದ ಕಾಲುವೆಯಲ್ಲಿ ಅದು ಎಷ್ಟು ನಿಧಾನ ಅಂದರೆ, ಒಂದೊಂದು ಕಡೆ ನಿಂತೇಬಿಡುತ್ತದೆ. ಬಿರುಕುಗಳು ತುಂಬಬೇಕು, ಏಡಿ ತೂತು ತುಂಬಬೇಕು, ಆಮೇಲೆ ಮುಂದಕ್ಕೆ. ಒಂದೂವರೆ ಕಿಲೋಮೀಟರ್ ಕಾಲುವೆಯ ಕೊನೆ ಮುಟ್ಟಲು ಸುಮಾರು ನಾಲ್ಕು ಗಂಟೆ ಬೇಕಾಯಿತು. ಮಣ್ಣು ನೆನೆದ ಮೇಲೆ ಇನ್ನೊಮ್ಮೆ ನೋಡಿದರೆ ಒಂದೂಕಾಲು ಗಂಟೆ. ದಾರಿಯಲ್ಲಿ ಎಲ್ಲೆಲ್ಲಿ ಸೋರುತ್ತದೆ ಅಂತ ಸುಣ್ಣದಲ್ಲಿ ಗುರುತು ಹಾಕಿದೆವು. ಪಾಳಿ ಮಾಡಬೇಕು ಅನ್ನುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ: ನೀರಿನ ಜೊತೆ ಒಮ್ಮೆ ನಡೆಯಿರಿ, ಮೇಲಿನ ಹೊಲದವರನ್ನೂ ಕರೆದುಕೊಂಡು. ಕೊನೆ ಹೊಲ ಎಷ್ಟು ದೂರ ಅನ್ನುವುದು ಅವರ ಕಾಲಿಗೇ ಗೊತ್ತಾಗುತ್ತದೆ.

ನೀರಿನ ಅಳತೆಗೆ ಕಬ್ಬಿಣದ ತಗಡಿನಲ್ಲಿ ಮೂರು ಅಡ್ಡಹಲಗೆ ಮಾಡಿಸಿದೆವು. ಮೇಲಂಚಿನಿಂದ ಕೆಳಗೆ ಚೂಪಾಗಿ, ಸರಿಯಾಗಿ 90 ಡಿಗ್ರಿಗೆ ಕತ್ತರಿಸಿದ ಕಚ್ಚು. ಅದರಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಅನ್ನುವುದರಿಂದ ಹರಿವು ಗೊತ್ತಾಗುತ್ತದೆ. 21 ಸೆಂಟಿಮೀಟರ್ ಇದ್ದರೆ ಒಂದು ಕ್ಯೂಸೆಕ್, ಸೆಕೆಂಡಿಗೆ ಸುಮಾರು 28 ಲೀಟರ್. ಎರಡು ವಿಷಯ ನೆನಪಿರಬೇಕು. ಹಲಗೆಯ ಆಚೆ ನೀರು ಕೆಳಕ್ಕೆ ಬೀಳಬೇಕು, ಹಿಂದಕ್ಕೆ ಒತ್ತಿ ನಿಂತರೆ ಅಳತೆ ಸುಳ್ಳು. ಇನ್ನು ಎತ್ತರವನ್ನು ಕಚ್ಚಿನ ಬಾಯಲ್ಲೇ ನೋಡಬಾರದು, ಅಲ್ಲಿ ನೀರು ಬಾಗಿರುತ್ತದೆ. ಒಂದು ಮೀಟರ್ ಹಿಂದೆ ಕಡ್ಡಿ ನೆಟ್ಟು ನೋಡಬೇಕು.

ತೂಬಿನ ಕೆಳಗೆ 21 ಸೆಂಟಿಮೀಟರ್ ಇತ್ತು. ನಡುಭಾಗ ಶುರುವಾಗುವಲ್ಲಿ 19. ಕೊನೆ ಭಾಗದಲ್ಲಿ 18. ಮೂರೇ ಸೆಂಟಿಮೀಟರ್ ಕಡಿಮೆ, ಏನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಈ ಕಚ್ಚಿನಲ್ಲಿ ಎತ್ತರ ಸ್ವಲ್ಪ ಇಳಿದರೂ ಹರಿವು ಬಹಳ ಇಳಿಯುತ್ತದೆ. 18 ಅಂದರೆ ಸೆಕೆಂಡಿಗೆ 19 ಲೀಟರ್. ತೂಬಿನಲ್ಲಿ ಬಿಟ್ಟ ನೀರಿನಲ್ಲಿ ಮೂರನೇ ಒಂದು ಭಾಗ ದಾರಿಯಲ್ಲೇ ಹೋಗಿತ್ತು. ಅಜ್ಜನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು. ಮೇಲಿನವರು ಒಂದು ಹನಿ ಕದಿಯದಿದ್ದರೂ ಅಜ್ಜನ ಗದ್ದೆಗೆ ಕಡಿಮೆಯೇ ಬರುತ್ತಿತ್ತು.

ಈಗ ಹಂಚಿಕೆ. ಒಂದು ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಯಲ್ಲಿ ಒಂದು ಇಂಚು ನಿಲ್ಲುತ್ತದೆ. ಈ ಲೆಕ್ಕ ನಮ್ಮ ಕೈಗೆ ಸಿಕ್ಕ ಮೇಲೆ ಎಲ್ಲ ಸುಲಭವಾಯಿತು. ಐದು ದಿನಕ್ಕೆ ಒಂದು ಸುತ್ತು ಅಂತ ಇಟ್ಟುಕೊಂಡೆವು, ಅಂದರೆ 120 ಗಂಟೆ. ಎಕರೆಗೆ 40 ಗುಂಟೆ. ಗುಂಟೆಗೆ ಎರಡು ನಿಮಿಷ ಕೊಟ್ಟರೆ 70 ಎಕರೆಗೆ 93 ಗಂಟೆ ಚಿಲ್ಲರೆ ಆಗುತ್ತದೆ. ಇನ್ನೂ 26 ಗಂಟೆ ಮಿಗುತ್ತದೆ. ಆ ಮಿಕ್ಕಿದ್ದನ್ನು ಎಲ್ಲರಿಗೂ ಸಮ ಹಂಚೋಣ ಅಂತ ಮೇಲಿನವರು. ದಾರಿಯ ನಷ್ಟಕ್ಕೆ ಕೊಡಬೇಕು ಅಂತ ನಾವು. ನಮ್ಮ ಪ್ರಸ್ತಾಪ ಹೀಗಿತ್ತು: ಮೇಲ್ಭಾಗಕ್ಕೆ ಗುಂಟೆಗೆ ಎರಡು ನಿಮಿಷ, ನಡುಭಾಗಕ್ಕೆ ಎರಡೂವರೆ, ಕೊನೆ ಭಾಗಕ್ಕೆ ಮೂರು. ಒಟ್ಟು 113 ಗಂಟೆ 20 ನಿಮಿಷ. ಉಳಿದ 6 ಗಂಟೆ 40 ನಿಮಿಷ ಕಾಲುವೆ ತುಂಬುವುದಕ್ಕೆ.

"ನನ್ನ ಗುಂಟೆಗೆ ಎರಡು, ಅವನ ಗುಂಟೆಗೆ ಮೂರಾ? ಇದು ಯಾವ ಸೀಮೆ ನ್ಯಾಯ?" ಅಂತ ಮೇಲ್ಭಾಗದ ಒಬ್ಬ ಹಿರಿಯರು ಸಿಟ್ಟಾದರು. ಹಲಗೆ, ಸೆಂಟಿಮೀಟರ್ ಯಾವುದನ್ನೂ ಅವರು ನಂಬಲಿಲ್ಲ. ನಂಬಬೇಕು ಅಂತ ನಾನೂ ಒತ್ತಾಯಿಸಲಿಲ್ಲ. "ದೊಡ್ಡಪ್ಪ, ನಿಮ್ಮ ಹತ್ತು ಗುಂಟೆ ಮಡಿ ಒಂದು ತುಂಬಿಸೋಣ. ಆಮೇಲೆ ಕೊನೆಯಲ್ಲಿ ಅಷ್ಟೇ ಅಳತೆಯ ಮಡಿ ತುಂಬಿಸೋಣ. ಗಡಿಯಾರ ನೀವೇ ಹಿಡ್ಕೊಳ್ಳಿ" ಅಂದೆ. ಎರಡೂ ಮಡಿ ಮೊದಲೇ ನೆನೆದಿದ್ದವು. ಕಡ್ಡಿ ನೆಟ್ಟು, ಒಂದೇ ಗುರುತಿನವರೆಗೆ ನೀರು ಕಟ್ಟಿದೆವು. ಕೊನೆಯ ಮಡಿಗೆ ಅವರ ಮಡಿಗಿಂತ ಅರ್ಧದಷ್ಟು ಹೆಚ್ಚು ಹೊತ್ತು ಬೇಕಾಯಿತು. ಬದುವಿನ ಮೇಲೆ ಕೂತು ಕಾದಿದ್ದು ಅವರೇ. ಎದ್ದಾಗ ಹೇಳಿದ್ದು ಇಷ್ಟೇ: "ಮೂರೇ ಇರಲಿ ಬಿಡಪ್ಪ. ಆದರೆ ಸೋರೋ ಜಾಗ ರಿಪೇರಿ ಮಾಡಿದ ಮೇಲೆ ಇನ್ನೊಮ್ಮೆ ಅಳೀಬೇಕು." ಆ ಮಾತು ನಮ್ಮ ಪುಸ್ತಕದಲ್ಲಿ ನಿಯಮವಾಗಿ ಸೇರಿದೆ. ಪ್ರತಿ ಹಂಗಾಮಿಗೆ ಒಮ್ಮೆ ಮರು ಅಳತೆ.

ನನ್ನ ಅನುಭವದಲ್ಲಿ ಪಾಳಿಯನ್ನು ನಿಲ್ಲಿಸಿರುವುದು ಇದೇ. ಓದು ಬರಹ ಬಾರದವರೂ ತಮ್ಮ ಗುಂಟೆಯನ್ನು ಎರಡರಿಂದಲೋ ಮೂರರಿಂದಲೋ ಗುಣಿಸಿ ತಮ್ಮ ನಿಮಿಷ ಹೇಳುತ್ತಾರೆ. ಪಕ್ಕದವರದನ್ನೂ ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಇದಕ್ಕಿಂತ ನಿಖರವಾದ ಪಟ್ಟಿ ಮಾಡಬಹುದಿತ್ತು, ಮಣ್ಣಿನ ಗುಣ, ಬೆಳೆ, ಇಳಿಜಾರು ಎಲ್ಲ ಸೇರಿಸಿ. ಬೇಡ ಅಂದೆವು. ಯಾರಿಗೂ ಪರೀಕ್ಷೆ ಮಾಡಲು ಆಗದ ನಿಖರತೆಯನ್ನು ಜಗಳದ ಹೊತ್ತಲ್ಲಿ ಯಾರೂ ಒಪ್ಪುವುದಿಲ್ಲ.

ಪಾಳಿ ಯಾವ ಕಡೆಯಿಂದ ಶುರುವಾಗಬೇಕು ಅನ್ನುವುದು ಇನ್ನೊಂದು ದೊಡ್ಡ ಚರ್ಚೆ. ನಾವು ಕೊನೆಯಿಂದ ಮೇಲಕ್ಕೆ ಅಂತ ಮಾಡಿದೆವು. ಇದರಲ್ಲಿ ಕನಿಕರ ಏನಿಲ್ಲ, ಲೆಕ್ಕವೇ ಹಾಗಿದೆ. ಮೇಲಿನಿಂದ ಶುರು ಮಾಡಿದರೆ ಒಬ್ಬೊಬ್ಬರ ಪಾಳಿಗೂ ಮುಂದಿನ ತುಂಡು ಕಾಲುವೆ ಹೊಸದಾಗಿ ತುಂಬಬೇಕು, ಆ ಹೊತ್ತು ಯಾರ ಖಾತೆಗೆ ಅನ್ನುವ ಜಗಳ. ಕೊನೆಯಿಂದ ಶುರು ಮಾಡಿದರೆ ಇಡೀ ಕಾಲುವೆ ಒಮ್ಮೆಗೇ ತುಂಬುತ್ತದೆ. ಆಮೇಲೆ ಮೇಲಿನವರು ಅಡ್ಡ ಹಾಕಿಕೊಂಡರೆ ಮುಗಿಯಿತು. ಕೆಳಗೆ ಕಾಲುವೆಯಲ್ಲಿ ನಿಂತ ನೀರು ಇಳಿದು ಕೊನೆಯವರಿಗೇ ಸೇರುತ್ತದೆ.

ರಾತ್ರಿ ಪಾಳಿ ಯಾರಿಗೂ ಬೇಡ. ಹಾವು, ನಿದ್ದೆ, ಚಳಿ, ಕತ್ತಲಲ್ಲಿ ಬದು ಒಡೆದರೂ ಗೊತ್ತಾಗುವುದಿಲ್ಲ. ಸುತ್ತು ಸರಿಯಾಗಿ ಐದು ದಿನ ಇರುವುದರಿಂದ ಒಂದು ತೊಡಕಿತ್ತು. ರಾತ್ರಿ ಎರಡಕ್ಕೆ ಪಾಳಿ ಬಿದ್ದವರಿಗೆ ಪ್ರತಿ ಸಲವೂ ರಾತ್ರಿ ಎರಡೇ. ಇದಕ್ಕೆ ಪಟ್ಟಿಯ ಮೊದಲ ಹನ್ನೆರಡು ಗಂಟೆಯವರನ್ನು ಮುಂದಿನ ಆನ್‌ನಲ್ಲಿ, ಅಂದರೆ ಮುಂದಿನ ಸಲ ನೀರು ಬಿಟ್ಟಾಗ, ಪಟ್ಟಿಯ ಕೊನೆಗೆ ಹಾಕಿದೆವು. ಉಳಿದವರೆಲ್ಲ ಹನ್ನೆರಡು ಗಂಟೆ ಮುಂದೆ ಸರಿದರು, ರಾತ್ರಿಯವರು ಹಗಲಿಗೆ, ಹಗಲಿನವರು ರಾತ್ರಿಗೆ. ಕೊನೆಗೆ ಹೋದವರಿಗಾಗಿ ಕಾಲುವೆ ಇನ್ನೊಮ್ಮೆ ತುಂಬಬೇಕು, ಅದು ಆ ಮಿಕ್ಕ ಆರು ಗಂಟೆ ಚಿಲ್ಲರೆಯಲ್ಲಿ ಹೋಗುತ್ತದೆ. ಒಂಟಿಯಾಗಿ ಬೇಸಾಯ ಮಾಡುವ ಹೆಣ್ಣುಮಕ್ಕಳು ಮೂವರಿದ್ದಾರೆ. ಅವರಿಗೆ ಯಾವಾಗಲೂ ಹಗಲು. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ, ಅದನ್ನು ಹೇಳಲು ನನಗೆ ಹೆಮ್ಮೆ.

ನೀರು ಎಷ್ಟು ದಿನ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಹತ್ತು ದಿನ ಬಂದರೆ ಎರಡು ಸುತ್ತು. ಹನ್ನೆರಡು ದಿನ ಬಂದರೆ ಮೂರನೇ ಸುತ್ತು ಶುರು. ನಡುವೆ ಗೇಟು ಇಳಿದರೆ ಯಾರ ಹೆಸರಿಗೆ ನಿಂತಿತೋ ಮುಂದಿನ ಸಲ ಅಲ್ಲಿಂದಲೇ ಮುಂದುವರಿಕೆ. ನಾಲೆಯಲ್ಲೇ ಹರಿವು ಕುಗ್ಗಿದರೆ? ತೂಬಿನಲ್ಲಿ 21ರ ಬದಲು 16 ಸೆಂಟಿಮೀಟರ್ ಬಂದ ದಿನಗಳೂ ಇವೆ. ಹಾಗೆ ಬಂದರೆ ನೀರು ಹೆಚ್ಚುಕಡಿಮೆ ಅರ್ಧ. ಆಗಲೂ ನಿಮಿಷ ಬದಲಾಗುವುದಿಲ್ಲ. ಕುಗ್ಗು ಇಡೀ ಸುತ್ತು ಇದ್ದರೆ ಎಲ್ಲರಿಗೂ ಸಮ ನಷ್ಟ. ಒಂದೆರಡು ದಿನ ಮಾತ್ರ ಆದರೆ ಆ ದಿನದವರಿಗೆ ಮಿಕ್ಕ ಹೊತ್ತಿನಲ್ಲಿ ಸ್ವಲ್ಪ ತುಂಬಿಕೊಡುತ್ತೇವೆ. ಪೂರ್ತಿ ತುಂಬಿಕೊಡಲು ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬೆಳೆಯ ಮಾತು ಬಂದೇ ಬಂತು. ಮೇಲ್ಭಾಗದಲ್ಲಿ ಎಕರೆಗೆ ಸುತ್ತಿಗೆ 80 ನಿಮಿಷ, ಅಂದರೆ ಒಂದೂಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ. ಎರಡು ಸುತ್ತಿಗೆ ಸುಮಾರು ಏಳು ಸೆಂಟಿಮೀಟರ್. ಭತ್ತದ ಗದ್ದೆ ಬೇಸಿಗೆಯಲ್ಲಿ ದಿನಕ್ಕೆ ಎಂಟೊಂಬತ್ತು ಮಿಲಿಮೀಟರ್ ಎಳೆದುಕೊಳ್ಳುತ್ತದೆ. ಹತ್ತು ದಿನದ ನೀರು ಎಂಟು ದಿನಕ್ಕೂ ಸರಿಯಾಗಿ ಸಾಲುವುದಿಲ್ಲ, ಆಮೇಲೆ ಬಂದ್ ದಿನಗಳು ಬೇರೆ. ಎಲ್ಲರೂ ಎಲ್ಲ ಜಮೀನಿಗೂ ಭತ್ತ ಹಾಕಿದರೆ ಎಲ್ಲರದೂ ಒಣಗುತ್ತದೆ. ವಿಶ್ವೇಶ್ವರಯ್ಯನವರು ಮುಂಬೈ ಸರ್ಕಾರದ ಕೆಲಸದಲ್ಲಿದ್ದಾಗ ಪುಣೆ ಕಡೆಯ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿ ತಂದಿದ್ದರು. ಯಾವ ಬ್ಲಾಕಿನಲ್ಲಿ ಯಾವ ಬೆಳೆ ಅಂತ ಮೊದಲೇ ಗೊತ್ತು ಮಾಡಿ, ನೀರು ಹೆಚ್ಚು ಊರಿಗೆ ಹರಡುವ ಹಾಗೆ. ನೂರು ವರ್ಷಕ್ಕೂ ಹಳೆಯ ಮಾತು. ಬೆಳೆ ಬಿಟ್ಟು ಬರೀ ನೀರು ಹಂಚಲು ಆಗುವುದಿಲ್ಲ ಅನ್ನುವುದು ನಮಗೂ ಅರ್ಥವಾಯಿತು. ಆನ್-ಆಫ್ ಇರುವ ಬೇಸಿಗೆಯಲ್ಲಿ ಪ್ರತಿಯೊಬ್ಬರೂ ತಮ್ಮ ಹಿಡುವಳಿಯ ಅರ್ಧಕ್ಕೆ ಮಾತ್ರ ಭತ್ತ ಅಂತ ಒಪ್ಪಂದವಾಯಿತು. ಎಲ್ಲ ನಿಮಿಷವೂ ಆ ಅರ್ಧಕ್ಕೇ. ಉಳಿದ ಅರ್ಧದಲ್ಲಿ ಬೋರ್ ಇದ್ದವರು ಮೆಕ್ಕೆಜೋಳ, ಇಲ್ಲದವರು ನೆಲದ ಹಸಿಯಲ್ಲೇ ಬರುವ ಅಲಸಂದೆ, ಉದ್ದು.

ಗದ್ದೆಯಲ್ಲಿ ಸದಾ ನೀರು ನಿಂತಿರಲೇಬೇಕು ಅನ್ನುವ ನಂಬಿಕೆಯೂ ಸ್ವಲ್ಪ ಸಡಿಲಾಯಿತು. ತೂತು ಕೊರೆದ ಪಿವಿಸಿ ಕೊಳವೆಯನ್ನು ಗದ್ದೆಯಲ್ಲಿ ಊರಿ, ಒಳಗಿನ ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೂ ಕಾಯಬಹುದು ಅನ್ನುತ್ತಾರೆ ಭತ್ತದ ವಿಜ್ಞಾನಿಗಳು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಕಾಯಬಾರದು. ನಮ್ಮ ಎರೆಮಣ್ಣಿನಲ್ಲಿ ಇದು ನಡೆಯುತ್ತದೆ, ಆದರೆ ಕಳೆ ಜಾಸ್ತಿ ಬರುತ್ತದೆ. ಬಿರುಕು ಬಿಡುವಷ್ಟು ಒಣಗಿಸಿದರೆ ಮತ್ತೆ ತುಂಬಿಸಲು ನೀರೂ ಜಾಸ್ತಿ ಬೇಕು.

ಇದನ್ನೆಲ್ಲ ನಡೆಸುವವರು ಒಬ್ಬರು ಬೇಕಲ್ಲ. ಕೆರೆಗಳಿಗೆ ಇದ್ದ ಹಾಗೆ ನಮಗೂ ಒಬ್ಬ ನೀರುಗಂಟಿ ಬೇಕು ಅಂತ ತೀರ್ಮಾನವಾಯಿತು. ಈ ತೂಬಿನಲ್ಲಿ ಒಂದು ಗುಂಟೆಯೂ ಜಮೀನಿಲ್ಲದ ಕೂಲಿಕಾರರೊಬ್ಬರನ್ನು ಕೇಳಿಕೊಂಡೆವು. ಅವರಿಗೆ ಯಾರ ಗದ್ದೆ ಬೇಗ ತುಂಬಿದರೂ ಒಂದೇ. ಹಂಗಾಮಿಗೆ ಎಕರೆಗೆ ಅರ್ಧ ಚೀಲ ಭತ್ತ, ಮೇಲೆ ಒಂದು ಒಳ್ಳೆಯ ಟಾರ್ಚು, ಬೂಟು. ಭತ್ತವನ್ನು ಕಣದಲ್ಲೇ ಅಳೆದು ಕೊಡಬೇಕು, ಆಮೇಲೆ ಕೊಡ್ತೀನಿ ಅನ್ನುವಂತಿಲ್ಲ. ಅಡ್ಡ ಹಾಕುವುದು, ತೆಗೆಯುವುದು ಅವರ ಕೈಯಿಂದಲೇ ಆಗಬೇಕು. ಗದ್ದೆಯವರು ಮುಟ್ಟುವಂತಿಲ್ಲ.

ಮುಟ್ಟಿದವರೂ ಇದ್ದಾರೆ. ಎರಡನೇ ಆನ್‌ನಲ್ಲಿ ಒಂದು ರಾತ್ರಿ ನಡುಭಾಗದವರೊಬ್ಬರು ಅಡ್ಡ ಒಡೆದು ನೀರು ತಿರುಗಿಸಿಕೊಂಡರು. ನೀರುಗಂಟಿ ಹಲಗೆಯಲ್ಲಿ ಎತ್ತರ ಇಳಿದದ್ದು ನೋಡಿ, ಕಾಲುವೆ ಗುಂಟ ಹೋಗಿ ಹಿಡಿದರು. ದಂಡದ ಮಾತು ಬಂತು. ನಾನು ದುಡ್ಡಿನ ದಂಡಕ್ಕೆ ಒಪ್ಪಲಿಲ್ಲ. ದುಡ್ಡಿದ್ದವರು ಐನೂರು ಕೊಟ್ಟು ಮತ್ತೆ ಒಡೆಯುತ್ತಾರೆ, ಅದು ನೀರಿಗೆ ಬೆಲೆ ಕಟ್ಟಿದ ಹಾಗಾಗುತ್ತದೆ. ನಿಮಿಷಕ್ಕೆ ನಿಮಿಷವೇ ದಂಡ, ಅದೂ ಎರಡು ಪಟ್ಟು. ಅವರ ಮುಂದಿನ ಪಾಳಿಯಲ್ಲಿ ಕಡಿದು, ಕಳೆದುಕೊಂಡವರಿಗೆ ಕೊಟ್ಟೆವು. ಅವರು ಒಂದು ಸುತ್ತು ಯಾರ ಹತ್ತಿರವೂ ಮಾತಾಡಲಿಲ್ಲ. ಈಗ ಮಾತಾಡುತ್ತಾರೆ, ಅಳತೆಯ ದಿನ ಕಡ್ಡಿ ಹಿಡಿಯಲು ಬರುತ್ತಾರೆ.

ಇದಕ್ಕೆ ಕಾನೂನಿನ ಬಲ ಇದೆಯೇ ಅಂತ ಕೇಳುತ್ತಾರೆ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಸಿಕ್ಕಿದೆ. ನಮ್ಮ ಭಾಗದಲ್ಲೂ ಸಂಘ ಇದೆ, ಹಲವು ತೂಬುಗಳಿಗೆ ಸೇರಿ ಒಂದು. ನಮ್ಮ ಪಟ್ಟಿಯನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇವೆ. ಆದರೆ ರಾತ್ರಿ ಎರಡು ಗಂಟೆಗೆ ಕೆಲಸಕ್ಕೆ ಬರುವುದು ಆ ಪುಸ್ತಕವಲ್ಲ, ಟಾರ್ಚು ಹಿಡಿದ ನೀರುಗಂಟಿ.

ಇನ್ನೂ ಬಗೆಹರಿಯದ್ದು ಅಡಿಕೆ. ಮೇಲ್ಭಾಗದ 30 ಎಕರೆಯಲ್ಲಿ ಅಡಿಕೆ ತೋಟ ಹೆಚ್ಚುತ್ತಿದೆ. ಅವರಿಗೆ ಬೋರ್ ಇದೆ, ಡ್ರಿಪ್ ಇದೆ. ಭತ್ತದಷ್ಟು ನೀರು ಒಮ್ಮೆಗೆ ಬೇಡ, ಆದರೆ ವರ್ಷಪೂರ್ತಿ ಬೇಕು, ನಾಲೆ ಬಂದಾದ ದಿನವೂ ಬೇಕು. ತಮ್ಮ ನಿಮಿಷದಲ್ಲಿ ಮಿಕ್ಕಿದ್ದನ್ನು ಕೆಲವರು ಕೆಳಗಿನವರಿಗೆ ಬಿಟ್ಟುಕೊಡುತ್ತಾರೆ. ನಿಮಿಷ ಸಾಲ ಅಂತ ಅದನ್ನು ಬರೆದಿಡುತ್ತೇವೆ, ತಮಗೆ ಬೇಕಾದಾಗ ವಾಪಸ್ ಪಡೆಯಬಹುದು. ಒಬ್ಬರು ದುಡ್ಡಿಗೆ ಕೊಟ್ಟರು. ಅಲ್ಲಿಂದ ಹೊಸ ಚರ್ಚೆ ಶುರು. ಕೊಡುವವರು, ಪಡೆಯುವವರು ಇಬ್ಬರೂ ಒಪ್ಪಿದರೆ ತಪ್ಪೇನು ಅಂತ ಕೆಲವರು. ನನ್ನ ಮಾತು ಬೇರೆ. ಜಲಾಶಯದ ನೀರು ಎಲ್ಲರದ್ದು, ಜಮೀನಿನ ಜೊತೆ ಬಂದ ಬಳಕೆಯ ಹಕ್ಕು ಮಾತ್ರ ನಮ್ಮದು. ಮಾರಾಟಕ್ಕೆ ಬಾಗಿಲು ತೆಗೆದರೆ ದುಡ್ಡಿಲ್ಲದ ಕೊನೆಯ ಹೊಲದವರು ಮತ್ತೆ ಕೊನೆಗೇ ಹೋಗುತ್ತಾರೆ. ಬೇಡದ ನಿಮಿಷ ಕೊನೆ ಭಾಗಕ್ಕೆ ತಾನಾಗಿಯೇ ಇಳಿಯಬೇಕು ಅಂತ ನಿಯಮ ಮಾಡಲು ಕೇಳಿದ್ದೇನೆ. ತೋಟದವರು ಒಪ್ಪಿಲ್ಲ. ಬಿಟ್ಟುಕೊಟ್ಟ ಹಕ್ಕು ನಾಳೆ ಕೈತಪ್ಪಬಹುದು ಅನ್ನುವ ಭಯ ಅವರಿಗೆ, ಅದೂ ಸುಮ್ನೆ ಹೇಳುವ ಮಾತಲ್ಲ. ಹಕ್ಕು ಅವರ ಹೆಸರಿನಲ್ಲೇ ಇದ್ದು, ಬಳಕೆ ಮಾತ್ರ ಹಂಗಾಮಿನಿಂದ ಹಂಗಾಮಿಗೆ ಬದಲಾಗುವ ಹಾಗೆ ಹೊಸ ಪ್ರಸ್ತಾಪ ಬರೆದಿದ್ದೇವೆ. ಮುಂದಿನ ಬೇಸಿಗೆಗೆ ನೀರು ಬಿಡುವ ಮೊದಲು ಸಭೆ ಇದೆ, ಅಲ್ಲಿ ಮತಕ್ಕೆ ಹಾಕುತ್ತೇವೆ.